ಬಾಣಂತಿ ಮನೆಯ ಅಜವಾನ

ಆ ಗಿಡ ಕಂಡ ದಿನ ನಾನು ಹೊಲದಲ್ಲಿ ಕುಣಿದೆನೆಂದು ಆ ಹೊಲದ ರೈತರು ಈಗಲೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಕುಣಿದಿಲ್ಲ. ಎರಡು ಸಲ ಎಗರಿದೆ, ಅಷ್ಟೆ. ಎರೆಮಣ್ಣು ಮೆತ್ತಿಕೊಂಡು ಬೂಟು ಒಂದೊಂದೂ ಕಲ್ಲಿನಷ್ಟು ಭಾರವಾಗಿತ್ತು. ಅದಕ್ಕಿಂತ ಹೆಚ್ಚು ಕುಣಿಯಲು ಯಾರಿಂದಲೂ ಆಗುತ್ತಿರಲಿಲ್ಲ.

ಔಷಧಿ ಮತ್ತು ಸುಗಂಧ ಗಿಡಗಳ ತಳಿ ಸುಧಾರಣೆ ನನ್ನ ಕೆಲಸ. ಮದುವೆ ಮನೆಗಳಲ್ಲಿ ಹೀಗೆ ಹೇಳಿದರೆ ಜನ ತಕ್ಷಣ ಮೊಣಕಾಲು ನೋವಿಗೆ ಯಾವ ಸೊಪ್ಪು ಒಳ್ಳೆಯದೆಂದು ಕೇಳುತ್ತಾರೆ. ಅದು ನನಗೆ ಗೊತ್ತಿಲ್ಲ. ಆ ಸೊಪ್ಪಿನ ಅಪ್ಪ ಅಮ್ಮ ಯಾರು, ಅದರ ಗುಣ ಯಾರ ಕಡೆಯಿಂದ ಬಂತು, ಅದನ್ನು ಮಕ್ಕಳಿಗೆ ದಾಟಿಸುತ್ತದೋ ಇಲ್ಲವೋ, ಇಷ್ಟನ್ನು ಮಾತ್ರ ಹೇಳಬಲ್ಲೆ. ಕೆಲವು ವರ್ಷಗಳಿಂದ ನನ್ನ ತಲೆಯಲ್ಲಿ ತುಂಬಿಕೊಂಡಿರುವುದು ಅಜವಾನ, ಅಂದರೆ ಓಂಕಾಳು. ನನ್ನ ಸೀರೆ, ಬ್ಯಾಗು, ಟಿಫಿನ್ ಡಬ್ಬಿ ಎಲ್ಲಕ್ಕೂ ಅದರದೇ ವಾಸನೆ. ಶಹಾಬಾದಿನಿಂದ ಬೆಳಿಗ್ಗೆ ಹೊರಟು ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಹೋಗುವಾಗ ಪಕ್ಕದಲ್ಲಿ ಕೂತವರು ಮೂಗರಳಿಸಿ, ಹೊಟ್ಟೆ ಸರಿಯಿಲ್ಲವೇ ಎಂದು ಕನಿಕರದಿಂದ ವಿಚಾರಿಸಿದ್ದೂ ಉಂಟು.

ಅಜವಾನದ ಜೀವವೆಲ್ಲ ಅದರ ಎಣ್ಣೆಯಲ್ಲಿದೆ. ಕಾಳನ್ನು ಅಂಗೈಯಲ್ಲಿ ತಿಕ್ಕಿದರೆ ಕಣ್ಣಲ್ಲಿ ನೀರು ಬರಿಸುವ ಆ ಘಾಟು ಎಣ್ಣೆಯದೇ. ನಮ್ಮ ಕಡೆಯ ತೊಂದರೆ ಏನೆಂದರೆ ಈ ಬೆಳೆ ಭಾಳ ನಿಧಾನ. ಮಳೆಗಾಲದ ಕೊನೆಗೆ ಬಿತ್ತಿದರೆ ಹೂ ಬಿಡುವಷ್ಟರಲ್ಲಿ ನೆಲದ ತೇವ ಆರಿರುತ್ತದೆ, ಜೊತೆಗೆ ಬೂದಿ ರೋಗ. ಬೇಗ ಹೂ ಬಿಡುವ ಗಿಡಗಳು ಇಲ್ಲವೆಂದಲ್ಲ. ಆದರೆ ನನ್ನ ಸಾಲುಗಳಲ್ಲಿ ಬೇಗ ಬಂದ ಗಿಡದ ಕಾಳು ಸಪ್ಪೆ, ಘಾಟಿನ ಗಿಡ ಸೋಮಾರಿ. ಎರಡೂ ಗುಣ ಒಂದೇ ಗಿಡದಲ್ಲಿ ಬೇಕೆಂದು ನಾನು ಚಿಂಚೋಳಿ ಸೀಮೆಯ ಹಳ್ಳಿಗಳಿಂದ, ಚಂದಾಪುರದ ಸಂತೆಯಿಂದ, ಚಿತ್ತಾಪುರದ ಕಿರಾಣಿ ಅಂಗಡಿಗಳಿಂದ, ಸನ್ನತಿಯ ಹೊಳೆದಂಡೆಯ ಹೊಲಗಳಿಂದ ಹಿಡಿಹಿಡಿ ಬೀಜ ತಂದೆ. ಸೇಡಂನಿಂದ ಚಿಂಚೋಳಿ ರಸ್ತೆಗೆ ಹತ್ತಿಕೊಂಡಿರುವ ಒಂದು ಹಳ್ಳಿಯ ರೈತರೊಬ್ಬರು ತಮ್ಮ ಹೊಲದ ಒಂದು ಮೂಲೆ ಬಿಟ್ಟುಕೊಟ್ಟರು. ಅಲ್ಲಿ ಒಂದೊಂದು ಊರಿನ ಬೀಜವನ್ನು ಒಂದೊಂದು ಸಾಲಾಗಿ ಬಿತ್ತಿದೆ. ಎರಡು ವರ್ಷ ಏನೂ ಸಿಗಲಿಲ್ಲ.

ಮೂರನೆಯ ವರ್ಷ ದೀಪಾವಳಿ ಮುಗಿದ ವಾರ ಹೊಲಕ್ಕೆ ಹೋದರೆ, ಎಲ್ಲ ಗಿಡಗಳೂ ಇನ್ನೂ ಎಲೆ ಬಿಡುತ್ತ ಕೂತಿರುವಾಗ, ನಡುವಿನ ಸಾಲಿನಲ್ಲಿ ಒಂದೇ ಒಂದು ಗಿಡ ಪುಟ್ಟ ಛತ್ರಿಗಳ ಹಾಗೆ ಬಿಳಿ ಹೂಗೊಂಚಲು ಬಿಚ್ಚಿಕೊಂಡು ನಿಂತಿತ್ತು. ಬೇಗ ಬಂದದ್ದು ಸಪ್ಪೆಯೇ ಇರುತ್ತದೆಂದು ಗೊಣಗುತ್ತಲೇ ಒಂದು ಎಲೆ ಕಿತ್ತು ತಿಕ್ಕಿದೆ. ಘಾಟು ನೇರ ನೆತ್ತಿಗೆ ಹೋಯಿತು. ಎಗರಿದ್ದು ಆಗಲೇ.

ಅಂದಿನಿಂದ ಆ ಗಿಡಕ್ಕೆ ರಾಜೋಪಚಾರ. ಅಜವಾನದ ಹೂವಿಗೆ ಜೇನ್ನೊಣ ಮುತ್ತುತ್ತದೆ, ಪಕ್ಕದ ಸಪ್ಪೆ ಗಿಡದ ಪರಾಗ ತಂದು ಬೆರೆಸಿಬಿಡುತ್ತದೆ. ಅದಕ್ಕೆ ನಾಲ್ಕು ಕೋಲು ನೆಟ್ಟು ಮಲ್ಮಲ್ ಬಟ್ಟೆಯ ಪರದೆ ಕಟ್ಟಿದೆ. ವಾರಕ್ಕೆರಡು ಸಲ ಬಂದು ಪರದೆಯೊಳಗೆ ತಲೆ ತೂರಿಸಿ, ಸಣ್ಣ ಕುಂಚದಿಂದ ಒಂದು ಗೊಂಚಲಿನ ಪರಾಗವನ್ನು ಅದೇ ಗಿಡದ ಇನ್ನೊಂದು ಗೊಂಚಲಿಗೆ ಮುಟ್ಟಿಸಿದೆ. ದಾರಿಹೋಕರು ನಿಂತು, ಮೇಡಂನವರು ಮದುಮಗಳಿಗೆ ಸಿಂಗಾರ ಮಾಡುತ್ತಿದ್ದಾರೆ ಎಂದು ನಕ್ಕರು. ಎಳೆ ಎಲೆಗಳನ್ನು ಐಸ್ ಡಬ್ಬಿಯಲ್ಲಿಟ್ಟು ತಂದು ಡಿಎನ್ಎ ತೆಗೆದಿಟ್ಟೆ. ಆದರೆ ಡಿಎನ್ಎ ಎಂಬುದು ಮನೆಯ ನಕ್ಷೆಯಿದ್ದಂತೆ, ಅದರೊಳಗೆ ಸಂಸಾರ ಹೂಡಲು ಬರುವುದಿಲ್ಲ. ಮುಂದಿನ ಪೀಳಿಗೆ ಬೇಕೆಂದರೆ ಬೀಜವೇ ಬೇಕು.

ಜನವರಿ ಕೊನೆಗೆ ಕಾಳು ಬಲಿಯಿತು. ನಾನೇ ಕೊಯ್ದು, ಕೈಯಿಂದಲೇ ಉಜ್ಜಿ, ತೂರಿ, ಬಿಳಿ ಬಟ್ಟೆಯ ಸಣ್ಣ ಚೀಲದಲ್ಲಿ ಹಾಕಿದೆ. ಒಂದು ಹಿಡಿಯೂ ಇರಲಿಲ್ಲ. ನಂಬರು ಬರೆದ ಚೀಟಿಯನ್ನು ಒಳಗೇ ಇಟ್ಟು ಬಾಯಿ ಕಟ್ಟಿದೆ. ರೈಲಿಗೆ ಇನ್ನೂ ಹೊತ್ತಿತ್ತು. ಚಹಾ ಕುಡಿದು ಹೋಗಿರೆಂದು ರೈತರು ಮನೆಗೆ ಕರೆದುಕೊಂಡು ಹೋದರು.

ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಹೆತ್ತು ಎಂಟೊಂಬತ್ತು ದಿನವಾಗಿತ್ತು. ಒಳಮನೆಯಲ್ಲಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದಳು. ಕೆಳಗೆ ಕೆಂಡದ ಶೇಗಡಿ. ರೈತರ ತಾಯಿ, ಆ ಮನೆಯ ಆಯಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ನಾನು ಬೇರೆ ಸಾಲುಗಳ ಕಾಗದದ ಪೊಟ್ಟಣಗಳಿದ್ದ ದೊಡ್ಡ ಬ್ಯಾಗನ್ನು ಕೆಳಗಿಟ್ಟೆ. ಬಿಳಿ ಚೀಲ ಮಾತ್ರ ಅವುಗಳ ಜೊತೆ ಸೇರಬಾರದು, ಗಾಳಿಯಾಡಬೇಕು, ಮರೆಯಲೂಬಾರದೆಂದು ಬಾಗಿಲ ಪಕ್ಕದ ಗೂಟಕ್ಕೆ ಎತ್ತರದಲ್ಲಿ ನೇತುಹಾಕಿದೆ. ಆಯಿ ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ಮುಖ ಅರಳಿಸಿದರು. ಆ ನಗು ಯಾಕೆಂದು ನಾನು ಯೋಚಿಸಲೇ ಇಲ್ಲ. ಚಹಾ ಮುಗಿಯುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ದೊಡ್ಡ ಬ್ಯಾಗು ಎತ್ತಿಕೊಂಡು ಓಡಿದೆ.

ರೈಲು ಮಳಖೇಡ ದಾಟಿದ ಮೇಲೆ ನೆನಪಾಯಿತು. ಬ್ಯಾಗು ಬರಿದು ಮಾಡಿ ಸೀಟಿನ ಮೇಲೆ ಸುರಿದೆ. ಎಲ್ಲ ಇತ್ತು, ಅದೊಂದಿರಲಿಲ್ಲ. ಮೂರು ವರ್ಷದ ಕೆಲಸವನ್ನು ಮರೆಯಬಾರದೆಂದು ಬೇರೆ ಇಟ್ಟು, ಬೇರೆ ಇಟ್ಟಿದ್ದಕ್ಕೇ ಮರೆತಿದ್ದೆ. ನನ್ನಂಥ ದಡ್ಡಿ ಈ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ರೈತರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅವರು ತೊಗರಿ ಮಾರಲು ಕಲಬುರಗಿಗೆ ಹೋಗುವವರಿದ್ದರು. ರಾತ್ರಿ ಮನೆ ಮುಟ್ಟಿದ ಮೇಲೆ, ಇರಲಿ, ಗೂಟದ ಮೇಲಿನ ಚೀಲವನ್ನು ಯಾರು ಮುಟ್ಟುತ್ತಾರೆ ಎಂದು ಗಂಡ ಸಮಾಧಾನ ಹೇಳಿದ. ಮರುದಿನ ಮೊದಲ ಗಾಡಿಗೇ ಹೊರಟೆ.

ಆ ಮನೆಯ ಓಣಿ ಹೊಕ್ಕಾಗಲೇ ನನಗೆ ವಾಸನೆ ಬಡಿಯಿತು. ಮೂರು ತಿಂಗಳು ಪರದೆಯೊಳಗೆ ತಲೆಯಿಟ್ಟು ಮೂಸಿದವಳು ನಾನು. ಬೇರೆ ಯಾವ ಅಜವಾನವೂ ಅಲ್ಲ, ಅದೇ. ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯಾಕೆ, ನಿನ್ನೆ ತಾನೂ ಒಂದು ಚಿಟಿಕೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡೆನೆಂದೂ ಹೊಟ್ಟೆಯುಬ್ಬರ ಕೂಡಲೇ ಇಳಿಯಿತೆಂದೂ ಹೇಳಿ ನನಗೆ ಒಳ್ಳೆಯದಾಗಲೆಂದು ಹರಸಿದಳು.

ಆಯಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಬರ್ರಿ ಯವ್ವಾ, ಕುಂದ್ರಿ. ಎಷ್ಟು ಮಂದಿ ಬಂದು ಹೋದ್ರು, ಯಾರೂ ಇಂಥಾದ್ದು ತಂದಿಲ್ರಿ. ಶೇಗಡಿಗಿ ಹಾಕಿದ್ದೇ ತಡ, ಮನಿ ತುಂಬ ಘಮಾ ಅಂತು. ಕೂಸು ಹೊಗಿ ಕುಡಿದು ಗಪ್ಪಂತ ಮಲಗ್ಯಾದ."

ಆಗ ನನಗೆ ನಿನ್ನೆಯ ನಗು ಅರ್ಥವಾಯಿತು. ನಮ್ಮ ಕಡೆ ಬಾಣಂತಿಯನ್ನು ನೋಡಲು ಹೋಗುವ ಹೆಂಗಸು ಬರಿಗೈಯಲ್ಲಿ ಹೋಗುವುದಿಲ್ಲ. ಕೊಬ್ಬರಿ, ಬೆಲ್ಲ, ಸಬ್ಬಸಿಗೆ, ಬೆಳ್ಳುಳ್ಳಿ, ಅಜವಾನ, ಏನಾದರೊಂದು ಗಂಟು ಕಟ್ಟಿಕೊಂಡು ಹೋಗಿ, ಕೈಗೆ ಕೊಟ್ಟು ದೊಡ್ಡಸ್ತಿಕೆ ತೋರಿಸದೆ ಸುಮ್ಮನೆ ಒಂದು ಕಡೆ ಇಟ್ಟು ಬರುತ್ತಾಳೆ. ನಾನು ಶಹಾಬಾದಿನಲ್ಲೇ ಹುಟ್ಟಿ ಬೆಳೆದವಳು, ನನಗೆ ಇದು ಗೊತ್ತಿಲ್ಲದ ಮಾತಲ್ಲ. ಆದರೆ ನಿನ್ನೆ ಆ ಮನೆಗೆ ಹೋದವಳು ಹೆಂಗಸಲ್ಲ, ತಳಿ ವಿಜ್ಞಾನಿ. ಕೂಸಿಗೆ ಒಂದು ಟೋಪಿಯನ್ನೂ ಒಯ್ದಿರಲಿಲ್ಲ. ಒಳ್ಳೆಯ ಅಜವಾನದ ಗಂಟನ್ನು ಬಾಣಂತಿಯ ಬಾಗಿಲ ಪಕ್ಕ ನೇತುಹಾಕಿ, ಒಂದು ಮಾತೂ ಆಡದೆ ಎದ್ದು ಹೋಗಿದ್ದೆ. ಅವರು ಬೇರೇನು ತಿಳಿಯಬೇಕಿತ್ತು?

ಎಷ್ಟು ಉಳಿದಿದೆ ಎಂದು ಹೇಗೋ ಕೇಳಿದೆ. ಸಂಜೆ ಎರೆದ ಮೇಲೆ ಒಂದಷ್ಟು ಹೊಗೆಗೆ, ಬೆಳಿಗ್ಗೆ ಎರೆದ ಮೇಲೆ ಒಂದಷ್ಟು, ಬಾಣಂತಿಯ ನೀರಿಗೆ ಒಂದಷ್ಟು. ಒಳಗಿದ್ದ ಚೀಟಿಯನ್ನೂ ಕೆಂಡಕ್ಕೆ ಹಾಕಿದ್ದರು. ಕೊನೆಗುಳಿದ ಒಂದು ಚಮಚದಷ್ಟನ್ನು ಚಿಂದಿಯಲ್ಲಿ ಕಟ್ಟಿ, ಕೂಸಿಗೆ ನೆಗಡಿಯಾಗದಿರಲೆಂದು ತೊಟ್ಟಿಲ ಹಗ್ಗಕ್ಕೆ ಬಿಗಿದಿದ್ದರು. ಹುರಿದಿರೇನು ಎಂದೆ. ಹುರಿದಿಲ್ಲ, ಶೇಗಡಿಯ ಮೇಲೆ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿದ್ದೇವೆ ಎಂದಳು ಬಾಣಂತಿ. ಸ್ವಲ್ಪ ಎಂದರೆ ಎಷ್ಟು? ಬೀಜದೊಳಗಿನ ಜೀವಕ್ಕೆ ಕೆಂಡದ ಬಿಸಿ ತಾಗಿದರೆ ಮುಗಿಯಿತು.

ನಾನು ಸಿಟ್ಟಿನವಳು. ಆಫೀಸಿನಲ್ಲಿ ಒಂದು ಪೊಟ್ಟಣ ಅದಲುಬದಲಾದರೆ ಮಾಳಿಗೆ ಹಾರಿಹೋಗುವ ಹಾಗೆ ಕೂಗುತ್ತೇನೆ. ಅಂದು ಕೂಗಲು ಯಾರಿದ್ದರು? ಅದು ಉಡುಗೊರೆಯಲ್ಲ, ನನ್ನ ಬೀಜ, ಕೊಡಿ ಎನ್ನಬೇಕಿತ್ತು. ಹಾಗೆ ಅಂದಿದ್ದರೆ ಆಯಿ ಇಡೀ ಓಣಿಗೆ ಹೊಗಳಿ ಬಂದ ಮಾತನ್ನು ನುಂಗಬೇಕಿತ್ತು. ನಾನು ಹೊರಸಿನ ಅಂಚಿಗೆ ಕೂತು ಆ ಪುಟ್ಟ ಗಂಟನ್ನೇ ನೋಡಿದೆ. ನೋಡನೋಡುತ್ತ ಅಳು ಬಂದುಬಿಟ್ಟಿತು. ತಡೆಯಲಾಗಲಿಲ್ಲ, ಬಿಕ್ಕಿಬಿಕ್ಕಿ ಅತ್ತೆ.

ಆಯಿ ಆ ಅಳುವಿಗೆ ತಮ್ಮದೇ ಕಾರಣ ಕಂಡುಕೊಂಡರು. ನನ್ನ ಮದುವೆಯಾಗಿ ಏಳು ವರ್ಷ. ಮಕ್ಕಳಿಲ್ಲ ಎಂಬುದು ಅವರಿಗೆ ನಾನು ಆ ಹೊಲಕ್ಕೆ ಕಾಲಿಟ್ಟ ಮೊದಲ ವಾರವೇ ಗೊತ್ತಾಗಿತ್ತು. ನಮ್ಮ ಕಡೆ ಹೆಸರಿಗಿಂತ ಮೊದಲು ಕೇಳುವುದು ಅದನ್ನೇ. ಆ ಪ್ರಶ್ನೆ ಕೇಳಿದರೆ ನನಗೆ ಉರಿಯುತ್ತದೆ, ಯಾರಿಗೂ ಉತ್ತರ ಕೊಡುವುದಿಲ್ಲ. ಆಯಿ ಕೋಣೆಯ ಮೂಲೆಯಿಂದ ಮೊರ ತಂದರು. ಅದು ಲಿಂಗ ಕಟ್ಟಿದ ಶರಣರ ಮನೆ, ಹೆರಿಗೆಯ ಪುರುಡು ಸೂತಕ ಎಂದು ಎಣಿಸುವವರಲ್ಲ. ಅಕ್ಕಿ, ಅರಿಸಿನ ಕೊಂಬು, ಎಲೆ ಅಡಿಕೆ, ಖಣ ಇಟ್ಟು, ಮಕ್ಕಳಾಗಲೆಂದು ನನ್ನ ಉಡಿ ತುಂಬಲು ನಿಂತರು. ಸೆರಗು ಒಡ್ಡಿದ ನನಗೆ ತಲೆಯೊಳಗೆ ಏನೋ ಮಿಂಚಿತು, ಬಾಯಿ ತಾನಾಗಿಯೇ ಮಾತಾಡಿತು.

"ಆಯಿ, ನನಗ ಅಕ್ಕಿ ಬ್ಯಾಡ್ರಿ. ಕೂಸಿನ ತೊಟ್ಟಿಲಕ್ಕ ಕಟ್ಟಿದ ಗಂಟಿನಾಗಿಂದು ಹಾಕ್ರಿ."

ಅವರು ನನ್ನನ್ನು ನೋಡಿದ ರೀತಿ ಹೇಳಲಾರೆ. ಬಾಣಂತಿ ತಾನೇ ಎದ್ದು ಗಂಟು ಬಿಚ್ಚಿದಳು. ಕೂಸಿನ ಕೈಗೆ ಒಮ್ಮೆ ಮುಟ್ಟಿಸಿ ಅಜ್ಜಿಗೆ ಕೊಟ್ಟಳು. ಆಯಿ ಒಂದು ಕಾಳೂ ಉಳಿಯದಂತೆ ನನ್ನ ಸೆರಗಿಗೆ ಸುರಿದು, ಹಣೆಗೆ ವಿಭೂತಿ ಹಚ್ಚಿ, ಮುಂದಿನ ವರ್ಷ ನಿನ್ನ ಮನೆಯಲ್ಲಿ ತೊಟ್ಟಿಲು ಕಟ್ಟೋಣ ಎಂದರು. ಅಲ್ಲಿಯ ತನಕ ನನ್ನನ್ನು ರೀ ಹಚ್ಚಿ ಮಾತಾಡಿಸುತ್ತಿದ್ದವರು ಅಂದಿನಿಂದ ನೀನು ಎನ್ನತೊಡಗಿದರು. ನಾನು ಅತ್ತದ್ದು ಬೀಜಕ್ಕಾಗಿ ಎಂದು ಹೇಳುವ ಧೈರ್ಯ ಬರಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ವಾಡಿಯವರೆಗೂ ನಿಂತೇ ಬಂದೆ, ಸೀಟು ಖಾಲಿಯಿದ್ದರೂ ಕೂರಲಿಲ್ಲ.

ಮರುದಿನ ಆಫೀಸಿನಲ್ಲಿ ನೂರು ಕಾಳು ಎಣಿಸಿ ಒದ್ದೆ ಕಾಗದದ ಮೇಲಿಟ್ಟೆ. ಒಳ್ಳೆಯ ಬೀಜವಾದರೆ ಎಂಟು ದಿನಕ್ಕೆ ಮೊಳಕೆ. ಎಂಟು ದಿನ ಕಳೆಯಿತು, ಏನಿಲ್ಲ. ಒಂಬತ್ತು, ಹತ್ತು. ನೀರು ಚಿಮುಕಿಸುವುದು, ಭೂತಗನ್ನಡಿ ಹಿಡಿದು ಬಗ್ಗುವುದು, ಕತ್ತು ನೋವು ಬರಿಸಿಕೊಂಡು ಏಳುವುದು, ಇಷ್ಟೇ ಕೆಲಸ. ಹನ್ನೆರಡನೆಯ ದಿನ ಒಂದು ಕಾಳಿನ ತುದಿ ಸೀಳಿ ಬಿಳಿ ಎಳೆಯೊಂದು ಹೊರಗೆ ಬಂದಿತ್ತು. ಕೂದಲಿಗಿಂತ ಸಣ್ಣದು. ನಾನು ಕಿರುಚಿದ ರಭಸಕ್ಕೆ ಕಾವಲುಗಾರ ಹಾವು ಬಂದಿದೆಯೆಂದು ಕೋಲು ಹಿಡಿದು ಓಡಿಬಂದ. ಅವನಿಗೆ ಭೂತಗನ್ನಡಿ ಕೊಟ್ಟು ತೋರಿಸಿದೆ. ಇದಕ್ಕೇನಾ ಎಂಬಂತೆ ನೋಡಿದ, ಆದರೂ ನನ್ನ ಮುಖ ನೋಡಿ ಅವನೂ ನಕ್ಕ. ನೂರರಲ್ಲಿ ಹುಟ್ಟಿದ್ದು ಹದಿನೇಳು. ಉಳಿದವು ಬೆಚ್ಚಗಾಗಿ ಸತ್ತಿದ್ದವು. ಹದಿನೇಳು ಸಾಕು, ಹದಿನೇಳೆಂದರೆ ವಂಶ ಉಳಿಯಿತು. ಆ ಸಸಿಗಳನ್ನು ಶಹಾಬಾದಿನ ನಮ್ಮ ಮನೆಯಲ್ಲಿ ಫರಸಿ ಕಲ್ಲಿನ ತಂಪಿನ ಮೇಲೆ ಕುಂಡದಲ್ಲಿಟ್ಟು ಬೇಸಿಗೆ ದಾಟಿಸಿದೆವು. ಗಂಡ ನನಗಿಂತ ಹೆಚ್ಚು ಕಾಳಜಿಯಿಂದ ನೀರು ಹಾಕಿದ. ಉಳಿದ ಕಾಳನ್ನು ಫ್ರಿಜ್ಜಿನಲ್ಲಿಟ್ಟು, ಮಳೆಗಾಲ ಮುಗಿಯುತ್ತಲೇ ಅದೇ ರೈತರ ಹೊಲದಲ್ಲಿ ಒಂದೂ ಬಿಡದೆ ಬಿತ್ತಿದೆ.

ಅದೇ ಹೊಲವಾದ್ದರಿಂದ ಆಯಿಯನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೋದಾಗಲೆಲ್ಲ ಮೊದಲು ನನ್ನ ಹೊಟ್ಟೆ ನೋಡುವರು, ಆಮೇಲೆ ಮುಖ. ಬಿಸಿಲಲ್ಲಿ ಬಗ್ಗಬೇಡವೆಂದು ಗದರುವರು. ನನಗಾಗಿಯೇ ಅಂಟಿನುಂಡೆ ಕಟ್ಟಿಡುವರು. ನಾನು ತಿಂದೆ. ಒಂದೊಂದು ಉಂಡೆ ತಿನ್ನುವಾಗಲೂ ನಾಚಿಕೆಯಾಯಿತು, ಆದರೂ ತಿಂದೆ, ಯಾಕೆಂದರೆ ಭಾಳ ರುಚಿಯಾಗಿದ್ದವು. ಹೇಳಿಬಿಡು ಎಂದು ಗಂಡ ಎಷ್ಟೋ ಸಲ ಅಂದ. ಮುಂದಿನ ವಾರ ಎನ್ನುತ್ತಲೇ ಇದ್ದೆ.

ದೀಪಾವಳಿಯ ಮರುವಾರ ಹೊಸ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಛತ್ರಿ ಬಿಚ್ಚಿತು. ಆಮೇಲೆ ಇನ್ನಷ್ಟು. ಅರ್ಧದಷ್ಟು ಗಿಡಗಳು ತಾಯಿಯ ಹಾಗೆ ಅವಸರದವು, ಉಳಿದರ್ಧ ಸೋಮಾರಿಗಳು. ಒಂದು ಗಿಡದ ಮಕ್ಕಳೆಲ್ಲ ಒಂದೇ ತರ ಇರುವುದಿಲ್ಲ. ಆದರೆ ಅವಸರದವುಗಳಲ್ಲಿ ಎಷ್ಟೋ ಗಿಡಗಳ ಎಲೆ ತಿಕ್ಕಿದಾಗ ಅದೇ ಘಾಟು ಕಣ್ಣಿಗೆ ಹೊಡೆಯಿತು. ಗುಣ ದಾಟಿತ್ತು. ಈ ಸಲ ನಿಜವಾಗಿಯೂ ಕುಣಿದೆ, ಆದರೆ ನೋಡಲು ಅಲ್ಲಿ ಯಾರೂ ಇರಲಿಲ್ಲ.

ಎಳ್ಳಮಾವಾಸ್ಯೆಗೆ ಆ ಮನೆಯವರೆಲ್ಲ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಹೊಲಕ್ಕೆ ಬಂದರು. ನನ್ನನ್ನೂ ಕರೆದಿದ್ದರು. ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಕಡುಬಿನ ಬುಟ್ಟಿಗಳು. ವರ್ಷ ತುಂಬಲು ಬಂದ ಕೂಸು ಜೋಳದ ದಂಟು ಹಿಡಿದು ನಿಲ್ಲಲು ನೋಡುತ್ತಿತ್ತು. ಊಟಕ್ಕೆ ಕೂರುವ ಮುಂಚೆ ನಾನು ಆಯಿಯ ಕೈ ಹಿಡಿದು ಆ ಸಾಲಿನ ಹತ್ತಿರ ಕರೆದೊಯ್ದೆ. ಇವು ನೀವು ಅಂದು ನನ್ನ ಉಡಿಗೆ ಹಾಕಿದ ಕಾಳು ಎಂದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಗೂಟಕ್ಕೆ ಹಾಕಿದ್ದು ಮರೆತದ್ದು, ಅದು ಬಾಣಂತಿಗೆ ತಂದದ್ದಲ್ಲವೆಂಬುದು, ಅತ್ತದ್ದು ಯಾಕೆಂಬುದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಆಯಿ ನನ್ನ ಕೈ ಬಿಟ್ಟು ಮುಖ ನೋಡಿದರು.

"ಹಂಗಾರ ಅವತ್ತ ನೀ ಬಾಣಂತಿ ಮನಿಗಿ ಬರಿಗೈಲೆ ಬಂದಿದ್ದಿ?"

ಹೌದೆಂದೆ. ಇಷ್ಟೆಲ್ಲದರಲ್ಲಿ ಅವರಿಗೆ ನಾಟಿದ್ದು ಅದು.

"ವರ್ಷದ ತನಕ ದಿನಾ ಲಿಂಗಕ್ಕ ಪತ್ರಿ ಏರಿಸುವಾಗ ನಿನ್ನ ಹೆಸರ ತಗೊಂಡೀನಿ ನಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನನ್ನು ಸರಿಸಿ ಸಾಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಒಂದು ಗೊಂಚಲು ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡರು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದರು.

"ದಂಡ ಆಗಿಲ್ಲ ಬಿಡು," ಎಂದರು. ಎದ್ದು ನಿಂತು, ನನ್ನ ಭುಜದ ಮೇಲೆ ಭಾರ ಹಾಕಿ, ಮೊಣಕಾಲಿನ ಮಣ್ಣು ಕೊಡವಿದರು. "ನಾಳಿಂದನೂ ಹೆಸರ ತಗೋತೀನಿ. ನಿನಗ ಏನ ಬೇಕು ಅಂತ ಬೇಡ್ಲಿ, ಅದ ಒಂದ ಖರೆ ಹೇಳಿಬಿಡು."

ಮದುವೆಯಾದ ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನಗೇನು ಬೇಕೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ನಾನು ಸಾಲಿನ ಕಡೆ ನೋಡಿದೆ. ಬರುವ ವರ್ಷ ಈ ಗಿಡಗಳ ಮಕ್ಕಳೆಲ್ಲ ಒಂದೇ ವಾರದಲ್ಲಿ ಹೂ ಬಿಡಲಿ, ಒಂದಕ್ಕೂ ಘಾಟು ಕಡಿಮೆಯಾಗದಿರಲಿ, ಇಷ್ಟು ಬೇಡಿಕೊಳ್ಳಿ ಎಂದೆ. ಆಯಿ ಅದನ್ನು ಎರಡು ಸಲ ತುಟಿಯಲ್ಲೇ ಹೇಳಿಕೊಂಡು ಬಾಯಿಪಾಠ ಮಾಡಿಕೊಂಡರು. ಆಮೇಲೆ ನನ್ನನ್ನು ಊಟಕ್ಕೆ ಎಳೆದುಕೊಂಡು ಹೋದರು.